ದಿಂಬು, ಸ್ಟೂಲು, ಆಯಮ್ಮನ ಹೆಗಲು

ಸಿಸೇರಿಯನ್‌ಗೆ ಬೆನ್ನಿಗೆ ಇಂಜೆಕ್ಷನ್ ಕೊಡುವಾಗ ಸೂಜಿ ಹಾಕುವುದಕ್ಕಿಂತ ತಾಯಿಯನ್ನು ಕೂರಿಸುವುದೇ ಕಷ್ಟ. ತುಂಬು ಹೊಟ್ಟೆ, ಬಿಟ್ಟು ಬಿಟ್ಟು ಬರುವ ನೋವು, ಥಿಯೇಟರಿನ ಚಳಿ. ಅಂಥವಳಿಗೆ ‘ಬಗ್ಗಮ್ಮ, ಇನ್ನೂ ಬಗ್ಗು’ ಅಂದರೆ ಪಾಪ, ಬಗ್ಗುತ್ತಾಳೆ, ಆದರೆ ಸೊಂಟದಿಂದ ಮುಂದಕ್ಕೆ. ಬೆನ್ನು ನೆಟ್ಟಗೇ ಇರುತ್ತದೆ. ನಮಗೆ ಬೇಕಾದದ್ದು ಕೆಳಬೆನ್ನು ಹಿಂದಕ್ಕೆ ಉಬ್ಬುವುದು. ಆಗಲೇ ಎರಡು ಮೂಳೆಗಳ ನಡುವೆ ದಾರಿ ಬಿಡುವುದು.

ಇದನ್ನು ನನಗೆ ಕಲಿಸಿದ್ದು ಪುಸ್ತಕವಲ್ಲ, ನಮ್ಮ ಆಯಮ್ಮ. ತಾಯಿಯ ಕಾಲನ್ನು ಸ್ಟೂಲಿನ ಮೇಲೆ ಇಡಿಸಿ, ಮಡಿಲಿಗೊಂದು ದಿಂಬು ಕೊಟ್ಟು, ಎದುರಿಗೆ ನಿಂತು ಅವಳ ಹಣೆಯನ್ನು ತನ್ನ ಹೆಗಲಿಗೆ ಒರಗಿಸಿಕೊಳ್ಳುತ್ತಾಳೆ. ‘ದಿಂಬು ತಬ್ಕೊಳವ್ವ. ಗಲ್ಲ ಎದೆಗೆ ತಾಗ್ಲಿ. ಮುನಿದ ಬೆಕ್ಕಿನಂಗೆ ಬೆನ್ನು ಡಾಕ್ಟ್ರ ಕಡೆ ಉಬ್ಸು.’ ಬೆನ್ನು ತಾನಾಗಿ ಗುಂಡಗಾಗುತ್ತದೆ. ನೋವು ಬಂದರೆ ಅದು ಇಳಿಯುವ ತನಕ ಕಾಯುತ್ತೇನೆ. ಆ ಅರೆನಿಮಿಷ ಉಳಿಸಿ ಯಾರಿಗೂ ಲಾಭವಿಲ್ಲ.

ಬೆನ್ನುಹುರಿ ಸಾಮಾನ್ಯವಾಗಿ ಸೊಂಟದ 1–2ನೇ ಕಶೇರುಗಳ ಹತ್ತಿರ ಮುಗಿಯುತ್ತದೆ. ಸೂಜಿ ಹೋಗುವುದು 3–4ರ ನಡುವೆ ಅಥವಾ ಅದಕ್ಕೂ ಕೆಳಗೆ. ತುಂಬು ಗರ್ಭಿಣಿಯಲ್ಲಿ ಸೊಂಟದ ಮೂಳೆ ಮುಟ್ಟಿ ಎಣಿಸಿದರೆ ನಾವಂದುಕೊಂಡದ್ದಕ್ಕಿಂತ ಮೇಲಿನ ಜಾಗವೇ ಸಿಕ್ಕಿರುವುದುಂಟು. ಅನುಮಾನ ಬಂದರೆ ಒಂದು ಸಂದಿ ಕೆಳಕ್ಕೆ ಇಳಿಯುತ್ತೇನೆ.

ಹೊಕ್ಕಳುಬಳ್ಳಿ ಜಾರಿ ಕೆಳಗೆ ಬಂದಿದ್ದರೆ ಕೂರಿಸುವಂತಿಲ್ಲ, ಎಡಮಗ್ಗುಲಿಗೆ ಮಲಗಿಸಿಯೇ ಕೊಡಬೇಕಾದೀತು. ಹೆಂಗಸರ ಸೊಂಟ ಸಾಮಾನ್ಯವಾಗಿ ಹೆಗಲಿಗಿಂತ ಅಗಲ. ಹಾಗಾಗಿ ಮಗ್ಗುಲಾದಾಗ ಬೆನ್ನುಮೂಳೆ ತಲೆಯ ಕಡೆಗೆ ಇಳಿಜಾರಾಗುತ್ತದೆ. ಮರಗಟ್ಟಿಸಲು ಬಳಸುವ ಬುಪಿವಕೇನ್‌ನಲ್ಲಿ ಡೆಕ್ಸ್‌ಟ್ರೋಸ್ ಬೆರೆತು ಭಾರವಾಗಿರುವುದರಿಂದ ಔಷಧಿ ಆ ಇಳಿಜಾರು ಹಿಡಿದು ಎದೆಯತ್ತ ಸರಿಯುತ್ತದೆ. ಹೆಗಲ ಕೆಳಗೆ ಮಡಿಸಿದ ಬಟ್ಟೆ ಇಟ್ಟು ಬೆನ್ನು ಮಟ್ಟ ಮಾಡಿಕೊಳ್ಳುತ್ತೇನೆ.

ಔಷಧಿ ಹೋದ ಮೇಲೆ ತಡಮಾಡದೆ ಅಂಗಾತ ಮಲಗಿಸಿ ಬಲ ಸೊಂಟದ ಕೆಳಗೆ ದಿಂಬು ತುರುಕುತ್ತೇವೆ. ಇಲ್ಲದಿದ್ದರೆ ಗರ್ಭಕೋಶದ ಭಾರಕ್ಕೆ ದೊಡ್ಡ ರಕ್ತನಾಳ ಅದುಮಿ ಬಿಪಿ ಕುಸಿಯುತ್ತದೆ. ಹೇಳುವುದು 15 ಡಿಗ್ರಿ ವಾಲಿಸಬೇಕೆಂದು. ಕಣ್ಣಳತೆಯಲ್ಲಿ ವಾಲಿಸಿದರೆ ಅದರ ಅರ್ಧವೂ ಇರುವುದಿಲ್ಲ ಎಂಬುದು ನನ್ನ ಗುಮಾನಿ. ಎಷ್ಟೋ ಸಲ ‘ವಾಕರಿಕೆ ಬರ್ತಿದೆ ಡಾಕ್ಟ್ರೇ’ ಎಂದು ತಾಯಿ ಅನ್ನುವುದೇ ಮಾನಿಟರಿಗಿಂತ ಮೊದಲು. ಅದಕ್ಕೇ ಬಿಪಿ ಏರಿಸುವ ಫಿನೈಲೆಫ್ರಿನ್ ಸಿರಿಂಜು ಕೈಗೆಟಕುವಲ್ಲೇ ಇರುತ್ತದೆ. ತಣ್ಣನೆಯ ಸ್ಪಿರಿಟ್ ಹತ್ತಿ ಮುಟ್ಟಿಸಿ, ಮೊಲೆತೊಟ್ಟಿನ ಮಟ್ಟದವರೆಗೆ ತಂಪು ತಿಳಿಯುತ್ತಿಲ್ಲ ಅಂದ ಮೇಲೇ ‘ಶುರು ಮಾಡಿ ಮೇಡಂ’ ಅನ್ನುವುದು.

ವಾರ್ಡಿನಲ್ಲಿ ಇನ್ನೊಂದು ಕಥೆ. ಬೆನ್ನಿನ ಇಂಜೆಕ್ಷನ್‌ನಿಂದ ತಲೆನೋವು ಬರುತ್ತದೆಂದು ಇಡೀ ದಿನ ದಿಂಬು ಕೊಡದೆ ಚಪ್ಪಟೆ ಮಲಗಿಸುವ ರೂಢಿ. ಆ ತಲೆನೋವಿಗೆ ಸೂಜಿಯ ದಪ್ಪ, ತುದಿಯ ಆಕಾರ ಮುಖ್ಯ. ಚಪ್ಪಟೆ ಮಲಗಿದರೆ ತಪ್ಪುವುದಿಲ್ಲ. ಕೇಸ್ ಶೀಟಿನಲ್ಲಿ ‘ದಿಂಬು ಕೊಡಬಹುದು’ ಎಂದು ನಾನೇ ಬರೆದಿಡುತ್ತೇನೆ. ಸಿಸ್ಟರ್ ಕೊಡುತ್ತಾರೆ, ಬಾಣಂತಿಯ ಅಮ್ಮ ಎಳೆದು ಪಕ್ಕಕ್ಕಿಡುತ್ತಾರೆ.