ಎಣಿಕೆ ತೋರಿದ ದಾರಿ

ಮನುಷ್ಯನ ಚರ್ಮದ ಹೊರಪದರದ ತಳದಲ್ಲಿ ಮೃದುಸ್ಪರ್ಶವನ್ನು ಗ್ರಹಿಸುವ ಜೀವಕೋಶಗಳಿವೆ. 1875ರಲ್ಲಿ ಜರ್ಮನಿಯ ಅಂಗರಚನಾಶಾಸ್ತ್ರಜ್ಞನಾದ ಫ್ರೀಡ್ರಿಕ್ ಮರ್ಕೆಲ್ ಇವುಗಳನ್ನು ವರ್ಣಿಸಿದನು. ಈ ಕೋಶಗಳನ್ನು ಹೋಲುವ ಕೋಶಗಳಿಂದ ಕೂಡಿದ ಅಪರೂಪದ ಚರ್ಮದ ಕ್ಯಾನ್ಸರ್ ಒಂದುಂಟು. 1972ರಲ್ಲಿ ಸಿರಿಲ್ ಟೋಕರ್ ಎಂಬ ವೈದ್ಯನು ಐವರು ರೋಗಿಗಳಲ್ಲಿ ಅದನ್ನು ಗುರುತಿಸಿದನು. ಇಂದು ಅದಕ್ಕೆ ಮರ್ಕೆಲ್ ಕೋಶದ ಕ್ಯಾನ್ಸರ್ ಎಂದು ಹೆಸರು.

ಕೆಂಪು ಅಥವಾ ನಸುನೇರಳೆ ಬಣ್ಣದ, ಗಟ್ಟಿಯಾದ ಸಣ್ಣ ಗಂಟು ಈ ರೋಗದ ಮೊದಲ ಚಿಹ್ನೆ. ಸಾಮಾನ್ಯವಾಗಿ ಅದು ನೋಯುವುದಿಲ್ಲ. ಆದುದರಿಂದ ಉಪೇಕ್ಷೆಗೆ ಗುರಿಯಾಗುತ್ತದೆ. ಆದರೆ ಅದು ಬಹು ಬೇಗ ಬೆಳೆಯುತ್ತದೆ.

ಅಪರೂಪದ ರೋಗವನ್ನು ಅರಿಯುವುದು ಸುಲಭವಲ್ಲ. ಒಬ್ಬ ವೈದ್ಯನು ಕಾಣುವ ಇಂಥ ರೋಗಿಗಳು ಬೆರಳೆಣಿಕೆಯಷ್ಟೇ. ಹಲವು ಆಸ್ಪತ್ರೆಗಳ ದಾಖಲೆಗಳನ್ನು ಒಟ್ಟುಗೂಡಿಸಿ, ರೋಗವು ಯಾರಿಗೆ, ಎಲ್ಲಿ, ಎಷ್ಟು ಮಂದಿಗೆ ಬರುತ್ತದೆಂದು ಎಣಿಸಿದಾಗ ಮಾತ್ರ ಅದರ ಸ್ವರೂಪ ತಿಳಿಯುತ್ತದೆ. ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ 2013ರಲ್ಲಿ ಸುಮಾರು 2,500 ಮಂದಿಗೆ, ಅಂದರೆ ಲಕ್ಷ ಜನರಲ್ಲಿ ಒಬ್ಬರಿಗಿಂತಲೂ ಕಡಿಮೆ ಪ್ರಮಾಣದಲ್ಲಿ, ಈ ರೋಗ ಬಂದಿತು. ರೋಗಿಗಳಲ್ಲಿ ಹೆಚ್ಚಿನವರು ಬಿಳಿಯ ಮೈಬಣ್ಣದ ವೃದ್ಧರು. ಬಿಸಿಲಿಗೆ ತೆರೆದಿರುವ ಮುಖ, ಕತ್ತುಗಳಲ್ಲಿ ಗಂಟು ಹೆಚ್ಚಾಗಿ ಕಾಣಿಸಿಕೊಂಡಿತು.

ಈ ಎಣಿಕೆಯಲ್ಲಿ ಇನ್ನೊಂದು ಸುಳಿವೂ ದೊರೆಯಿತು. ಏಡ್ಸ್ ಪೀಡಿತರು, ಬದಲಿ ಅಂಗ ಪಡೆದವರು ಮೊದಲಾಗಿ ರೋಗನಿರೋಧಕ ಶಕ್ತಿ ಕುಂದಿದವರಲ್ಲಿ ಈ ಕ್ಯಾನ್ಸರಿನ ಪ್ರಮಾಣ ಅಧಿಕವಾಗಿತ್ತು. ಇದರ ಹಿಂದೆ ಯಾವುದೋ ವೈರಸ್ ಇರಬಹುದೇ ಎಂಬ ಪ್ರಶ್ನೆ ಹುಟ್ಟಿತು. 2008ರಲ್ಲಿ ಪಿಟ್ಸ್‌ಬರ್ಗ್ ವಿಶ್ವವಿದ್ಯಾನಿಲಯದ ಯುವಾನ್ ಚಾಂಗ್, ಪ್ಯಾಟ್ರಿಕ್ ಮೂರ್ ಮತ್ತು ಅವರ ಸಹೋದ್ಯೋಗಿಗಳು 10 ಗಂಟುಗಳನ್ನು ಪರೀಕ್ಷಿಸಿ, 8ರಲ್ಲಿ ಹೊಸದೊಂದು ವೈರಸನ್ನು ಕಂಡರು. ಈ ವೈರಸ್ ಬಹುಪಾಲು ಜನರ ಚರ್ಮದಲ್ಲಿ ಯಾವ ಕೇಡನ್ನೂ ಮಾಡದೆ ಇರುತ್ತದೆ. ಅದರ ತಳಿದ್ರವ್ಯವು ಜೀವಕೋಶದ ತಳಿದ್ರವ್ಯದೊಡನೆ ಬೆಸೆದುಕೊಂಡು ಮಾರ್ಪಟ್ಟಾಗ ಕ್ಯಾನ್ಸರಿಗೆ ಎಡೆಯಾಗುತ್ತದೆ. ವೈರಸ್ ಇಲ್ಲದ ಗಂಟುಗಳಿಗೆ ಬಿಸಿಲಿನ ನೇರಳಾತೀತ ಕಿರಣಗಳೇ ಮುಖ್ಯ ಕಾರಣ.

ಎಣಿಕೆಯು ರೋಗದ ಪರಿಣಾಮವನ್ನೂ ಸ್ಪಷ್ಟಪಡಿಸಿತು. ಅಮೆರಿಕದ 9,000ಕ್ಕೂ ಹೆಚ್ಚು ರೋಗಿಗಳನ್ನು ಕುರಿತು 2016ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಗಂಟು ಹುಟ್ಟಿದೆಡೆಯಲ್ಲೇ ಇದ್ದಾಗ ಪತ್ತೆಯಾದವರಲ್ಲಿ ಶೇಕಡ 51 ಮಂದಿ ಐದು ವರ್ಷ ಬದುಕಿದರು. ರೋಗವು ಸಮೀಪದ ದುಗ್ಧಗ್ರಂಥಿಗಳಿಗೆ ಹರಡಿದ್ದವರಲ್ಲಿ ಈ ಪ್ರಮಾಣ ಶೇಕಡ 35. ದೂರದ ಅಂಗಗಳಿಗೆ ಹರಡಿದ್ದವರಲ್ಲಿ ಶೇಕಡ 14 ಮಾತ್ರ.

2017ರಲ್ಲಿ ಅಮೆರಿಕದಲ್ಲಿ ಅವೆಲುಮಾಬ್ ಎಂಬ ಔಷಧಿಗೆ ಮನ್ನಣೆ ದೊರೆಯಿತು. ಅದು ದೇಹದ ರಕ್ಷಣಾಶಕ್ತಿಯ ಮೇಲಿನ ತಡೆಯನ್ನು ತೆಗೆದು, ಕ್ಯಾನ್ಸರಿನೊಡನೆ ಹೋರಾಡಲು ನೆರವಾಗುತ್ತದೆ. ಎಲ್ಲ ರೋಗಿಗಳಿಗೂ ಅದು ಫಲ ನೀಡದು. ಆದುದರಿಂದ ಗಂಟು ಸಣ್ಣದಿರುವಾಗಲೇ ವೈದ್ಯರಿಗೆ ತೋರಿಸುವುದು ಇಂದಿಗೂ ಅತ್ಯಗತ್ಯ. ನೋವಿಲ್ಲವೆಂದ ಮಾತ್ರಕ್ಕೆ ಅಪಾಯವಿಲ್ಲವೆಂದು ಭಾವಿಸಲಾಗದು.