ಎದ್ದು ನಿಂತಾಗ ಏರುವ ರಕ್ತದೊತ್ತಡ

ಕುಳಿತಲ್ಲಿಂದ ಎದ್ದಾಗ ಕಣ್ಣಿಗೆ ಕತ್ತಲೆ ಬಂತು, ತಲೆ ಸುತ್ತಿತು ಎಂದು ಮನೆಯ ಹಿರಿಯರು ಹೇಳಿದರೆ ನೀವೇನು ಮಾಡುತ್ತೀರಿ? 'ಬಿ.ಪಿ. ಲೋ ಆಗೇತಿ' ಎಂದು ಲಿಂಬೆಹಣ್ಣಿನ ಪಾನಕಕ್ಕೆ ಉಪ್ಪು ಬೆರೆಸಿ ಕುಡಿಸುತ್ತೀರಿ. ಅಂದಿನ ಬಿ.ಪಿ. ಮಾತ್ರೆಯನ್ನೂ ತಪ್ಪಿಸಿಬಿಡುತ್ತೀರಿ. ಹಲವರಲ್ಲಿ ಒತ್ತಡ ಇಳಿದಿರುವುದು ನಿಜವೇ ಇರಬಹುದು. ಆದರೆ ಎಲ್ಲರಲ್ಲಿಯೂ ಹಾಗಲ್ಲ. ಎದ್ದು ನಿಂತೊಡನೆ ಒತ್ತಡ ಇಳಿಯುವ ಬದಲು ಏರುವವರೂ ಇದ್ದಾರೆ. ಅಂಥವರಿಗೆ ಉಪ್ಪಿನ ಪಾನಕ ಕೊಡುವುದು, ಮಾತ್ರೆ ತಪ್ಪಿಸುವುದು ಎರಡೂ ಉರಿಯುವ ಬೆಂಕಿಗೆ ತುಪ್ಪ ಸುರಿದಂತೆ. ಲಕ್ಷಣ ಒಂದೇ, ಕಾರಣ ತದ್ವಿರುದ್ಧ. ಅಳೆದು ನೋಡದೆ ಯಾವುದೆಂದು ಹೇಳಲಾಗದು.

ಇದು ಏಕೆ ಹೀಗೆ? ನಾವು ಎದ್ದು ನಿಂತ ಕೂಡಲೇ ಸುಮಾರು ಅರ್ಧ ಲೀಟರಿಗೂ ಹೆಚ್ಚು ರಕ್ತ ಕಾಲು ಮತ್ತು ಹೊಟ್ಟೆಯ ಕಡೆಗೆ ಇಳಿಯುತ್ತದೆ. ಕುತ್ತಿಗೆಯ ರಕ್ತನಾಳದಲ್ಲಿಯೂ ಹೃದಯದ ಬಳಿಯ ದೊಡ್ಡ ನಾಳದಲ್ಲಿಯೂ ಕಾವಲುಗಾರರಂತಿರುವ ನರತಂತುಗಳು ಇದನ್ನು ತಕ್ಷಣ ಅರಿತು ಮಿದುಳಿಗೆ ಸುದ್ದಿ ಮುಟ್ಟಿಸುತ್ತವೆ. ಆಗ ಹೃದಯ ಸ್ವಲ್ಪ ಬೇಗ ಬಡಿಯುತ್ತದೆ, ನಾಳಗಳು ಬಿಗಿಯುತ್ತವೆ, ಒತ್ತಡ ಸರಿಸಮನಾಗುತ್ತದೆ. ಆರೋಗ್ಯವಂತರಲ್ಲಿ ಇದೆಲ್ಲ ನಮಗೆ ಗೊತ್ತಾಗದಂತೆ ನಡೆದುಹೋಗುತ್ತದೆ. ಕೆಲವರಲ್ಲಿ ಈ ಬಿಗಿತ ಮಿತಿ ಮೀರುತ್ತದೆ. ಕಾಲಿಗೆ ಇಳಿದ ರಕ್ತ ಹೆಚ್ಚಾದಷ್ಟೂ ನರಗಳ ಗಾಬರಿ ಹೆಚ್ಚು. ಅಮೆರಿಕದ ವೈದ್ಯ ಡೇವಿಡ್ ಸ್ಟ್ರೀಟನ್ ಮತ್ತು ಸಂಗಡಿಗರು 1985ರಲ್ಲಿಯೇ ಇದನ್ನು ತೋರಿಸಿದ್ದರು. ರೋಗಿಗಳ ಸೊಂಟ, ಕಾಲುಗಳನ್ನು ಗಾಳಿ ತುಂಬಿದ ಉಡುಪಿನಿಂದ ಒತ್ತಿ ಹಿಡಿದಾಗ ಆ ಏರಿಕೆ ನಿಂತುಹೋಗಿತ್ತು.

ನಿಂತಾಗ ಮೇಲಿನ ಅಂಕಿ 20 ಅಥವಾ ಅದಕ್ಕಿಂತ ಹೆಚ್ಚು ಏರಿ, 140 ಅಥವಾ ಅದಕ್ಕೂ ಮೇಲೆ ಹೋದರೆ ಅದನ್ನು ನಿಂತಾಗಿನ ಅಧಿಕ ರಕ್ತದೊತ್ತಡ ಎಂದು ಕರೆಯಬೇಕೆಂದು ಅಮೆರಿಕ ಮತ್ತು ಜಪಾನಿನ ತಜ್ಞ ಸಂಘಗಳು ಇತ್ತೀಚಿನ ವರ್ಷಗಳಲ್ಲಿ ಒಪ್ಪಿವೆ. ಇದು ಹೆಚ್ಚಾಗಿ ಕಾಣುವುದು ಬಹುಕಾಲದಿಂದ ಸಕ್ಕರೆ ಕಾಯಿಲೆ, ಬಿ.ಪಿ. ಇರುವವರಲ್ಲಿ ಮತ್ತು ವಯಸ್ಸಾದವರಲ್ಲಿ. ಸಕ್ಕರೆ ಕಾಯಿಲೆ ನರಗಳನ್ನು ಕೆಡಿಸುವಾಗ ಒಬ್ಬರ ಒತ್ತಡ ನಿಂತಾಗ ಇಳಿಯುತ್ತದೆ, ಇನ್ನೊಬ್ಬರದು ಏರುತ್ತದೆ. ಹೀಗೆ ಏರುವವರಲ್ಲಿ ಪಾರ್ಶ್ವವಾಯು ಮತ್ತು ಹೃದಯದ ತೊಂದರೆಗಳು ಹೆಚ್ಚೆಂದು ಅನೇಕ ಅಧ್ಯಯನಗಳು ಹೇಳಿವೆ. ಕುಳಿತಾಗಿನ ಅಂಕಿ ಚೆನ್ನಾಗಿದೆ ಎಂದ ಮಾತ್ರಕ್ಕೆ ನಿಶ್ಚಿಂತೆಯಿಂದ ಇರುವಂತಿಲ್ಲ ಎನ್ನುವುದು ಇದಕ್ಕೇ.

ಗೊಟಗೋಡಿಯ ಬಳಿಯ ಉತ್ಸವ್ ರಾಕ್ ಗಾರ್ಡನ್ನನ್ನು ನಿಮ್ಮಲ್ಲಿ ಹಲವರು ನೋಡಿರಬಹುದು. ಕಲಾವಿದ ಟಿ.ಬಿ. ಸೊಲಬಕ್ಕನವರ ಅವರು ನಮ್ಮ ಹಳ್ಳಿಯ ಬದುಕನ್ನು ಅಲ್ಲಿ ಆಳೆತ್ತರದ ಪ್ರತಿಮೆಗಳಲ್ಲಿ ನಿಲ್ಲಿಸಿದ್ದಾರೆ. ಆ ಬದುಕಿನ ದುಡಿಮೆಯನ್ನು ನೆನೆಯಿರಿ. ಒಲೆಯ ಮುಂದೆ ಕುಳಿತು ರೊಟ್ಟಿ ಬಡಿಯುವುದು, ಕುಕ್ಕರುಗಾಲಿನಲ್ಲಿ ಕಳೆ ತೆಗೆಯುವುದು, ಶೇಂಗಾ ಕೀಳುವುದು, ಮತ್ತೆ ಮತ್ತೆ ಏಳುವುದು. ಶಿಗ್ಗಾವಿ, ಸವಣೂರು, ಹಾನಗಲ್ಲ ಸೀಮೆಯ ಹೆಂಗಸರು ದಿನಕ್ಕೆ ಎಷ್ಟು ಸಲ ಹೀಗೆ ಕುಳಿತು ಏಳುತ್ತಾರೋ ಲೆಕ್ಕವಿಲ್ಲ. ಆಸ್ಪತ್ರೆಯಲ್ಲಿ ಮಾತ್ರ ಅವರ ಒತ್ತಡವನ್ನು ಅಳೆಯುವುದು ಸಾಮಾನ್ಯವಾಗಿ ಸ್ಟೂಲಿನ ಮೇಲೆ ಕೂರಿಸಿ ಒಂದೇ ಸಲ!

ಆದ್ದರಿಂದ ಮುಂದಿನ ಸಲ ಆರೋಗ್ಯ ಕೇಂದ್ರಕ್ಕೋ ತಾಲ್ಲೂಕು ಆಸ್ಪತ್ರೆಗೋ ಹೋದಾಗ 'ನಿಂತಾಗಲೂ ಒಮ್ಮೆ ನೋಡಿರಿ' ಎಂದು ವಿನಯದಿಂದ ಕೇಳಿರಿ. ಇದಕ್ಕೆ ಬೇರೆ ಯಂತ್ರ ಬೇಡ, ಹಣವೂ ಬೇಡ. ಮನೆಯಲ್ಲಿ ಯಂತ್ರವಿದ್ದರೆ ನೀವೇ ನೋಡಬಹುದು. ಅರ್ಧ ತಾಸು ಮೊದಲಿನಿಂದ ಚಹಾ, ಬೀಡಿ, ತಂಬಾಕು ಬೇಡ. ಮೂತ್ರ ಮಾಡಿ ಬಂದು, ಐದು ನಿಮಿಷ ಸುಮ್ಮನೆ ಮಲಗಿ ಅಥವಾ ಕುಳಿತು, ಮೊದಲು ಅಳೆಯಿರಿ. ಎದ್ದು ನಿಂತು ಒಂದು ನಿಮಿಷಕ್ಕೆ, ಮತ್ತೆ ಮೂರನೆಯ ನಿಮಿಷಕ್ಕೆ ಅಳೆಯಿರಿ. ಬೀಳುವ ಭಯವಿದ್ದರೆ ಒಬ್ಬರು ಪಕ್ಕದಲ್ಲಿ ನಿಂತಿರಲಿ.

ಇಲ್ಲಿ ಬಹಳ ಜನ ಎಡವುವುದು ಕೈಯ ವಿಷಯದಲ್ಲಿ. ನಿಂತಾಗ ಕೈಯನ್ನು ಜೋತುಬಿಟ್ಟು ಅಳೆದರೆ ಪಟ್ಟಿ ಹೃದಯದ ಮಟ್ಟಕ್ಕಿಂತ ಕೆಳಗೆ ಹೋಗುತ್ತದೆ. ಪ್ರತಿ 10 ಸೆಂಟಿಮೀಟರಿಗೆ ಅಂಕಿ ಸುಮಾರು 7-8ರಷ್ಟು ಸುಳ್ಳಾಗಿ ಏರುತ್ತದೆ. ಇಲ್ಲದ ರೋಗವನ್ನು ಹೀಗೆ ಬರಮಾಡಿಕೊಳ್ಳುವುದುಂಟು. ತೋಳಿನ ಪಟ್ಟಿ ಎದೆಯ ಮಟ್ಟದಲ್ಲಿರುವಂತೆ ಕೈಯನ್ನು ಎತ್ತರದ ಮೇಜಿನ ಮೇಲೆ ಇಡಿರಿ, ಇಲ್ಲವೇ ಮಗನೋ ಸೊಸೆಯೋ ಆಧಾರವಾಗಿ ಹಿಡಿಯಲಿ. ಒಂದೇ ದಿನದ ಅಂಕಿಯನ್ನು ನಂಬಿ ಗಾಬರಿಯಾಗಬೇಡಿ. ನಾಲ್ಕಾರು ದಿನ ಬೆಳಿಗ್ಗೆ, ಸಂಜೆ ನೋಡಿರಿ.

ಏರಿಕೆ ನಿಜವೆಂದು ಕಂಡುಬಂದರೆ? ಇದಕ್ಕೆಂದೇ ಎಲ್ಲರೂ ಒಪ್ಪಿದ ಮಾತ್ರೆ ಇಲ್ಲ. ಇರುವ ಬಿ.ಪಿ.ಯನ್ನೂ ಸಕ್ಕರೆಯನ್ನೂ ಸರಿಯಾಗಿ ಹಿಡಿತದಲ್ಲಿ ಇಡುವುದೇ ಮುಖ್ಯ ಚಿಕಿತ್ಸೆ. ಯಾವ ಮಾತ್ರೆ, ಯಾವ ಹೊತ್ತಿಗೆ ಎಂಬುದನ್ನು ವೈದ್ಯರು ನಿರ್ಧರಿಸಲಿ. ನೀವಾಗಿಯೇ ಒಂದನ್ನು ಎರಡು ಮಾಡಬೇಡಿ, ಚೆನ್ನಾಗಿದ್ದೇನೆಂದು ಬಿಡಲೂ ಬೇಡಿ. ಏಳುವಾಗ ಅವಸರ ಬೇಡ. ಹಾಸಿಗೆಯ ಅಂಚಿನಲ್ಲಿ ಒಂದೆರಡು ನಿಮಿಷ ಕುಳಿತು, ಮೀನಖಂಡಗಳನ್ನು ಬಿಗಿದು ಸಡಿಲಿಸಿ, ಅನಂತರ ಏಳಿರಿ. ಕಾಲಿಗೆ ಹಾಕುವ ಬಿಗಿ ಕಾಲುಚೀಲ ಕೆಲವರಿಗೆ ಒಳ್ಳೆಯದು. ಆದರೆ ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದವರು, ಕಾಲಿನಲ್ಲಿ ಹುಣ್ಣಿರುವವರು ವೈದ್ಯರನ್ನು ಕೇಳದೆ ಹಾಕಬಾರದು. ಬಲಿಪೂಜೆಯಲ್ಲಿ ಮೊಣಕಾಲೂರಿ ಏಳುವುದು ಕಷ್ಟವಾದರೆ ಕುಳಿತೇ ಪ್ರಾರ್ಥಿಸಬಹುದು. ಕಾಯಿಲೆಯವರಿಗೆ ಆ ವಿನಾಯಿತಿ ಇದ್ದೇ ಇದೆ, ನೋಡಿದವರು ಏನೆಂದುಕೊಂಡಾರೋ ಎಂಬ ಸಂಕೋಚ ಬೇಡ.

ಉಪ್ಪಿನ ವಿಷಯ ಹೇಳಿದರೆ ನಮ್ಮ ಕಡೆಯವರಿಗೆ ರುಚಿಸುವುದಿಲ್ಲ, ಆದರೂ ಹೇಳಬೇಕು. ದಿನಕ್ಕೆ ಎಲ್ಲ ಸೇರಿ 5 ಗ್ರಾಮಿಗಿಂತ ಕಡಿಮೆ, ಅಂದರೆ ಒಂದು ಚಹಾ ಚಮಚೆಯೊಳಗೆ, ಇರಲಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಜೋಳದ ರೊಟ್ಟಿಯಿಂದ ತೊಂದರೆಯಿಲ್ಲ, ಅದರ ಹಿಟ್ಟಿಗೆ ಉಪ್ಪೇ ಬೇಕಿಲ್ಲ. ರೊಟ್ಟಿಯ ಪಕ್ಕಕ್ಕೆ ಬರುವ ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಸಂಜೆಯ ಸವಣೂರು ಖಾರಾ ಇವುಗಳಲ್ಲಿಯೇ ಲೆಕ್ಕ ತಪ್ಪುತ್ತದೆ. ಅಂಗಡಿಯಲ್ಲಿ ಸಿಗುವ 'ಕಡಿಮೆ ಸೋಡಿಯಂ' ಉಪ್ಪನ್ನು ಮೂತ್ರಪಿಂಡದ ತೊಂದರೆ ಇರುವವರು ಕೇಳದೆ ಬಳಸಬಾರದು. ಅದರಲ್ಲಿರುವ ಪೊಟ್ಯಾಸಿಯಂ ಅವರಿಗೆ ಅಪಾಯ. ನೀರು ಮಾತ್ರ ಬಿಸಿಲಿನಲ್ಲಿ ಕೆಲಸ ಮಾಡುವವರಿಗೆ ಸಾಕಷ್ಟು ಬೇಕು. ಹೃದಯ, ಮೂತ್ರಪಿಂಡದ ರೋಗಿಗಳಿಗಾದರೆ ವೈದ್ಯರು ಹೇಳಿದಷ್ಟು.

ಇನ್ನೊಂದು ಮಾತು. ಮೊಣಕಾಲು ನೋವಿಗೆ ಔಷಧದ ಅಂಗಡಿಯಿಂದ ತಂದು ನುಂಗುವ ಡೈಕ್ಲೋಫೆನಾಕ್, ಐಬುಪ್ರೊಫೇನ್ ಮಾತ್ರೆಗಳು ಒತ್ತಡವನ್ನು ಏರಿಸುತ್ತವೆ, ಮೂತ್ರಪಿಂಡವನ್ನೂ ಕೆಡಿಸುತ್ತವೆ. ನೆಗಡಿಯ ಕೆಲವು ಮಾತ್ರೆಗಳೂ ಒತ್ತಡ ಏರಿಸುತ್ತವೆ. ಇವನ್ನು ವೈದ್ಯರಿಗೆ ಯಾರೂ ಹೇಳುವುದೇ ಇಲ್ಲ, 'ಅದೇನು ಔಷಧವೇ?' ಎಂಬ ಭಾವನೆ. ಖಾಲಿ ಚೀಟಿಯಾದರೂ ಸರಿ, ತೆಗೆದುಕೊಂಡು ಹೋಗಿ ತೋರಿಸಿರಿ.

ಒತ್ತಡ 180/120 ದಾಟಿ ಎದೆನೋವು, ಉಸಿರಾಟದ ಕಷ್ಟ, ಮಾತು ತೊದಲುವಿಕೆ, ಒಂದು ಬದಿಯ ಕೈಕಾಲು ಸೋಲುವಿಕೆ ಕಂಡರೆ ಮನೆಮದ್ದಿನಲ್ಲಿ ಹೊತ್ತು ಕಳೆಯದೆ 108ಕ್ಕೆ ಕರೆ ಮಾಡಿರಿ. ಬಾಯಿ ವಾರೆಯಾಗುವುದು, ಕೈ ಸೋಲುವುದು, ಮಾತು ತೊದಲುವುದು ಕಂಡರಂತೂ ಅಂಕಿ ಎಷ್ಟೇ ಇರಲಿ, ಕಾಯಬೇಡಿ.

ಶಾಲೆಗೆ ಹೋಗುವ ಮೊಮ್ಮಕ್ಕಳಿಂದ ಒಂದು ನೋಟುಬುಕ್ಕಿನಲ್ಲಿ ಗೆರೆ ಎಳೆಸಿಡಿ. ತಾರೀಖು, ಹೊತ್ತು, ಕುಳಿತಾಗಿನ ಅಂಕಿ, ನಿಂತು ಒಂದು ನಿಮಿಷಕ್ಕೆ, ಮೂರು ನಿಮಿಷಕ್ಕೆ, ಆಗ ತಲೆ ಸುತ್ತಿತೋ ಎದೆ ಬಡಿದುಕೊಂಡಿತೋ ಎಂಬುದು, ಮತ್ತು ಮಾತ್ರೆ ನುಂಗಿದ ಹೊತ್ತು. ಎರಡು ವಾರ ಬರೆದ ಆ ಪುಸ್ತಕವನ್ನು ವೈದ್ಯರ ಮುಂದಿಟ್ಟರೆ, 'ಯಾಕೋ ತಲಿ ತಿರಗತೈತ್ರಿ' ಎಂಬ ಒಂದೇ ಮಾತಿಗಿಂತ ಅವರಿಗೆ ಹೆಚ್ಚು ತಿಳಿಯುತ್ತದೆ.