ಲಾರಿಯ ಗೇರ್ ಬಾಕ್ಸ್‌ಗೆ ಯಾವ ಆಯಿಲ್? – ವೆಚ್ಚದ ದೃಷ್ಟಿಯಿಂದ ಒಂದು ಅವಲೋಕನ

ಸರಕು ಸಾಗಣೆ ಉದ್ಯಮದ ಲೆಕ್ಕಪತ್ರಗಳಲ್ಲಿ ಡೀಸೆಲ್, ಟೈರು, ಟೋಲ್ ಹಾಗೂ ಸಾಲದ ಕಂತುಗಳಿಗೆ ದೊರೆಯುವ ಗಮನ ಗೇರ್ ಆಯಿಲ್‌ಗೆ ದೊರೆಯುವುದಿಲ್ಲ. ಮೊತ್ತ ಅಲ್ಪವಾದ ಕಾರಣ ಅದು ‘ರಿಪೇರಿ ಮತ್ತು ನಿರ್ವಹಣೆ’ ಶೀರ್ಷಿಕೆಯಡಿ ಸೇರಿಹೋಗುತ್ತದೆ. ಆಯ್ಕೆಯು ಮೆಕ್ಯಾನಿಕ್‌ನ ರೂಢಿಗೆ ಬಿಟ್ಟ ವಿಷಯವಾಗುತ್ತದೆ. ಆದರೆ ಬಹುಮೌಲ್ಯದ ಗೇರ್ ಬಾಕ್ಸ್‌ನ ಬಾಳಿಕೆ ಈ ಆಯ್ಕೆಯನ್ನೇ ಅವಲಂಬಿಸಿದೆ.

ಖರೀದಿಸುವಾಗ ಡಬ್ಬಿಯ ಮೇಲಿನ ಎರಡು ಗುರುತುಗಳನ್ನು ಪರಿಶೀಲಿಸಬೇಕು.

1. ಎಸ್‌ಎಇ ಸಂಖ್ಯೆ: ಇದು ಎಣ್ಣೆಯ ಮಂದತೆಯ ಅಳತೆ. ‘80ಡಬ್ಲ್ಯು-90’ ಎಂಬಲ್ಲಿ ಮೊದಲ ಸಂಖ್ಯೆ ಚಳಿಯಲ್ಲಿನ ಹರಿವನ್ನೂ, ಎರಡನೆಯದು 100 ಡಿಗ್ರಿ ಸೆಲ್ಸಿಯಸ್‌ನಲ್ಲಿನ ಮಂದತೆಯನ್ನೂ ಸೂಚಿಸುತ್ತದೆ. ದೊಡ್ಡ ಸಂಖ್ಯೆ ಎಂದರೆ ಉತ್ತಮ ಗುಣಮಟ್ಟ ಎಂದಲ್ಲ. ಅಗತ್ಯಕ್ಕಿಂತ ಮಂದವಾದ ಎಣ್ಣೆಯಿಂದ ಗೇರ್ ಬದಲಾವಣೆ ಬಿಗಿಯಾಗಿ, ಡೀಸೆಲ್ ವ್ಯರ್ಥವಾಗುತ್ತದೆ. ತೀರಾ ತೆಳುವಾದರೆ ಹಲ್ಲುಗಳು ಸವೆಯುತ್ತವೆ.

2. ಎಪಿಐ ವರ್ಗ: ಡಿಫರೆನ್ಷಿಯಲ್‌ನ ಹೈಪಾಯ್ಡ್ ಗೇರುಗಳಲ್ಲಿ ಒತ್ತಡದೊಂದಿಗೆ ಜಾರುವಿಕೆಯೂ ಅಧಿಕ. ಆದ್ದರಿಂದ ಅಲ್ಲಿಗೆ ಗಂಧಕ ಮತ್ತು ರಂಜಕದ ಸಂಯುಕ್ತಗಳು ಹೆಚ್ಚಾಗಿರುವ ಜಿಎಲ್-5 ಬೇಕು. ಆದರೆ ಹಲವು ಗೇರ್ ಬಾಕ್ಸ್‌ಗಳ ಸಿಂಕ್ರೊನೈಸರ್ ರಿಂಗುಗಳು ಹಿತ್ತಾಳೆಯವು. ಕೆಲವು ಜಿಎಲ್-5 ಎಣ್ಣೆಗಳು ಕಾವು ಏರಿದಾಗ ಈ ರಿಂಗುಗಳನ್ನು ತಿನ್ನಬಲ್ಲವು. ಅದಕ್ಕಾಗಿಯೇ ಇಂತಹ ಗೇರ್ ಬಾಕ್ಸ್‌ಗಳಿಗೆ ಅನೇಕ ತಯಾರಕರು ಜಿಎಲ್-4 ಸೂಚಿಸುತ್ತಾರೆ. ಸಿಂಕ್ರೊನೈಸರ್ ಇಲ್ಲದ ಕೆಲವು ಭಾರೀ ಗೇರ್ ಬಾಕ್ಸ್‌ಗಳಿಗೆ ಎಂಟಿ-1 ವರ್ಗದ ಎಣ್ಣೆ ಅಥವಾ 50ರ ಇಂಜಿನ್ ಆಯಿಲ್ ಸೂಚಿತವಾಗಿರುವುದುಂಟು. ಆದುದರಿಂದ ತಯಾರಕರ ಕೈಪಿಡಿಯೇ ಅಂತಿಮ ಪ್ರಮಾಣ.

ಮಂಗಳೂರು ಬಂದರಿನಿಂದ ಪೂರ್ಣ ಭಾರ ಹೊತ್ತು ಶಿರಾಡಿ ಘಾಟಿಯನ್ನು ಏರುವ ಲಾರಿಗಳು ದೀರ್ಘಕಾಲ ಕೆಳ ಗೇರಿನಲ್ಲಿ ಓಡುತ್ತವೆ. ಅಧಿಕ ಕಾವಿನಲ್ಲಿ ಎಣ್ಣೆ ಬೇಗನೆ ಸತ್ತ್ವಹೀನವಾಗುತ್ತದೆ. ಇಂತಹ ವಾಹನಗಳಿಗೆ ಕೈಪಿಡಿಯಲ್ಲಿ ಕಠಿಣ ಬಳಕೆಗೆಂದು ನೀಡಿರುವ ಅವಧಿಯನ್ನೇ ಪಾಲಿಸತಕ್ಕದ್ದು.

ಈಗ ಲೆಕ್ಕಕ್ಕೆ ಬರೋಣ. ಗೇರ್ ಬಾಕ್ಸ್‌ಗೆ 12 ಲೀಟರ್ ಬೇಕು, ಸೂಚಿತ ಎಣ್ಣೆಯ ಬೆಲೆ ಲೀಟರಿಗೆ ರೂ. 100 ಹೆಚ್ಚು, ಬದಲಾವಣೆ 60,000 ಕಿ.ಮೀ.ಗೊಮ್ಮೆ ಎಂದಿಟ್ಟುಕೊಳ್ಳೋಣ. ಹೆಚ್ಚುವರಿ ವೆಚ್ಚ ರೂ. 1,200, ಅಂದರೆ ಕಿಲೋಮೀಟರಿಗೆ 2 ಪೈಸೆ. ಗೇರ್ ಬಾಕ್ಸ್ ಕೆಟ್ಟು ಲಾರಿ ನಿಂತರೆ ರಿಪೇರಿ ಖರ್ಚಿನೊಂದಿಗೆ ಬಾಡಿಗೆಯೂ ನಷ್ಟ; ಕಂತು, ವಿಮೆ, ಚಾಲಕರ ಸಂಬಳ ನಿಲ್ಲುವುದಿಲ್ಲ.

ತೆರಿಗೆಯ ಅಂಶವೂ ಉಂಟು. ಹತ್ತಕ್ಕಿಂತ ಹೆಚ್ಚು ಸರಕು ವಾಹನಗಳಿಲ್ಲದ ಮಾಲೀಕರು ಊಹಾಧಾರಿತ ಆದಾಯ ಪದ್ಧತಿಯನ್ನು ಆಯ್ದುಕೊಂಡಿದ್ದರೆ ರಿಪೇರಿ ವೆಚ್ಚವನ್ನು ಪ್ರತ್ಯೇಕವಾಗಿ ಕಳೆಯುವಂತಿಲ್ಲ. ಆದಾಯದ ಗಣನೆ ವಾಹನ ಒಡೆತನದಲ್ಲಿರುವ ಪ್ರತಿ ತಿಂಗಳಿಗೂ ನಡೆಯುವುದರಿಂದ, ಗ್ಯಾರೇಜಿನಲ್ಲಿ ನಿಂತ ಲಾರಿಗೂ ತೆರಿಗೆಯ ಹೊಣೆ ತಪ್ಪದು.

ಸದಸ್ಯರು ಪಾಲಿಸಬಹುದಾದ ಕ್ರಮಗಳು:

ಅ) ಪ್ರತಿ ವಾಹನದ ಗೇರ್ ಬಾಕ್ಸ್ ಹಾಗೂ ಡಿಫರೆನ್ಷಿಯಲ್‌ಗಳಿಗೆ ಸೂಚಿತವಾದ ಎಣ್ಣೆ, ಪ್ರಮಾಣ ಮತ್ತು ಬದಲಾವಣೆಯ ಅವಧಿಯನ್ನು ಪಟ್ಟಿ ಮಾಡಿ ಇಡುವುದು.

ಆ) ಖರೀದಿ ಬಿಲ್ಲಿನಲ್ಲಿ ವಾಹನದ ಸಂಖ್ಯೆ ಹಾಗೂ ಕಿಲೋಮೀಟರ್ ನಮೂದಿಸುವುದು, ವಾರಂಟಿ ಕೋರುವಾಗ ಇದು ಉಪಯುಕ್ತ ದಾಖಲೆ.

ಇ) ಹೊರತೆಗೆದ ಎಣ್ಣೆಯನ್ನು ನೋಡುವುದು. ಲೋಹದ ಚೂರುಗಳು ಸವೆತವನ್ನೂ, ಹಾಲಿನಂತಹ ಬಣ್ಣ ನೀರು ಸೇರಿರುವುದನ್ನೂ ಸೂಚಿಸುತ್ತವೆ.

ಮಿತವ್ಯಯವೆಂದರೆ ಕಡಿಮೆ ಬೆಲೆಯ ಖರೀದಿಯಲ್ಲ, ಸರಿಯಾದ ವಸ್ತುವಿನ ಖರೀದಿ ಎಂಬುದನ್ನು ಗೇರ್ ಆಯಿಲ್ ವಿಷಯದಲ್ಲಿ ಸಾರಿಗೆ ಉದ್ಯಮಿಗಳು ವಿಶೇಷವಾಗಿ ಗಮನಿಸಬೇಕು.